ಸೂರ್ಯನ ಹಿಂದೆ ತಿರುಗೋ ಯಂತ್ರ ನಮಗ್ಯಾಕ್ರಿ?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ಮಾಳಿಗೆಗೆ ಸೋಲಾರ್ ಹಾಕಿಸೋರಿಗೆ ನಮ್ಮದೊಂದೇ ಮಾತು: ಟ್ರ್ಯಾಕರ್ ಬೇಡ. ಸೂರ್ಯ ಸರಿದಂತೆ ಪ್ಯಾನೆಲ್ ತಿರುಗಿಸೋ ಈ ಯಂತ್ರದಿಂದ ಕರೆಂಟ್ ಹೆಚ್ಚು ಬರೋದು ನಿಜ, ಒಳ್ಳೆ ಬಿಸಿಲಿದ್ದರೆ ಶೇ. 15ರಿಂದ 25ರಷ್ಟು. ಅಷ್ಟನ್ನು ಒಂದೆರಡು ಪ್ಯಾನೆಲ್ ಜಾಸ್ತಿ ಹಾಕಿಸಿಯೂ ಪಡೀಬಹುದು. ಅದಕ್ಕೆ ಮೋಟರಿಲ್ಲ, ಗ್ರೀಸ್ ಬೇಡ. ಟ್ರ್ಯಾಕರ್‌ಗೆ ಬೇರಿಂಗೂ ಉಂಟು, ಸಿಮೆಂಟ್ ಧೂಳು ಹೊಕ್ಕೋದೇ ಅಲ್ಲಿಗೆ. ಗಾಳಿಗೆ ಅಲುಗೋ ಕಂಬವನ್ನು ಫರ್ಸಿ ಮಾಳಿಗೆ ಕೊರೆದು ನಿಲ್ಲಿಸಿದರೆ, ಮಳೆಗಾಲದಲ್ಲಿ ಸೋರೋದು ನಿಮ್ಮ ತಲೆ ಮೇಲೆ, ಮಾರಿದವನ ತಲೆ ಮೇಲಲ್ಲ.

ನಾವಿರೋದು ಸುಮಾರು 17 ಡಿಗ್ರಿ ಅಕ್ಷಾಂಶದಲ್ಲಿ. ದಕ್ಷಿಣಕ್ಕೆ ಮುಖ ಮಾಡಿ ಅಷ್ಟೇ ಓರೆಯಾಗಿ ಬಿಗಿಸಿದರೆ ಸಾಕು. ಪಿಎಂ ಸೂರ್ಯಘರ್ ಸಬ್ಸಿಡಿಯೂ (3 ಕಿಲೋವ್ಯಾಟ್‌ಗೆ 78,000 ರೂ.) ಕಿಲೋವ್ಯಾಟ್ ಲೆಕ್ಕದ್ದು, ತಿರುಗಿದ್ದಕ್ಕೆ ಬೇರೆ ದುಡ್ಡಿಲ್ಲ.

ಅಸಲಿ ಕಳ್ಳ ಧೂಳು. ಇಬ್ಬನಿ ಬಿದ್ದರೆ ಸಿಮೆಂಟ್ ಪುಡಿ ಗಾಜಿಗೇ ಗಟ್ಟಿಯಾಗಿ ಹಿಡೀತದ. ಬೆಳಿಗ್ಗೆ ಪ್ಯಾನೆಲ್ ತಣ್ಣಗಿದ್ದಾಗ ಮೆತ್ತನೆ ಬಟ್ಟೆಯಿಂದ ತೊಳೀರಿ, ಕಾದ ಗಾಜಿಗೆ ನೀರು ಸುರೀಬ್ಯಾಡ್ರಿ. ಬೋರ್‌ವೆಲ್ ನೀರಾದರೆ ಕೂಡಲೇ ಒರೆಸ್ರಿ, ಇಲ್ಲಂದ್ರ ಬಿಳಿ ಕಲೆ ಉಳೀತದ. ಊರ ಮೇಲೆ ಧೂಳು ಬಿಡೋ ಕಾರ್ಖಾನೆಗಳು ಅದನ್ನು ತಡೀಲಿ, ಇಲ್ಲವೇ ಪ್ಯಾನೆಲ್ ತೊಳೆಯೋ ಕೂಲಿ ಕೊಡಲಿ. ಮುಂದಿನ ಗ್ರಾಮಸಭೆಯಲ್ಲಿ ಇದನ್ನೇ ಕೇಳೋಣ.