ಜೋಕಾಲಿ ಕಟ್ಟಾಕ ಟೊಂಗಿ ಇಲ್ಲದ ‘ಫ್ಯಾಮಿಲಿ ಏರಿಯಾ’

ಅಕ್ಕಾರ, ತಂಗೆವ್ವಗೋಳ, ಪಂಚಮಿ ಉಂಡಿ ಡಬ್ಬಿ ಇಷ್ಟೊತ್ತಿಗೆ ತಳಾ ಕಂಡಿರಬೇಕು. ನಮ್ಮನ್ಯಾಗ ಶೇಂಗಾ ಉಂಡಿ ಮುಗದು ನಾಕ್ ದಿನಾ ಆತು. ಆದ್ರ ಈ ಹಬ್ಬದಾಗ ಆದ ಒಂದ್ ಸಂಗ್ತಿ ಇನ್ನೂ ಗಂಟಲದಾಗ ಸಿಕ್ಕೊಂಡೈತಿ. ಬರದ ಬಿಡ್ತೀನಿ. ಸಿಟ್ಟ ಬಂದ್ರ ಬೈರಿ, ಆದ್ರ ಪೂರಾ ಓದಿ ಬೈರಿ.

ಪಂಚಮಿ ಹಿಂದಿನ ದಿನ ರೊಟ್ಟಿ ಹಬ್ಬ ಅಲ್ಲೇನ್ರಿ? ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ, ಎಣಗಾಯಿ, ಮಡಕಿಕಾಳ ಪಲ್ಯ, ಗುರೆಳ್ಳ ಚಟ್ನಿ ತಾಟಿನ್ಯಾಗ ಹಾಕ್ಕೊಂಡು ನಮ್ಮ ಲೇಔಟಿನ್ಯಾಗ ಹೊಂಟೆ. ಆರು ಮನಿ ಗೇಟು, ಆರೂ ಬಂದ್. ಬೆಲ್ ಒತ್ತಿದೆ. ಒಬ್ಬಾಕಿ ಕಿಡಕ್ಯಾಗಿಂದನ ಕೇಳಿದ್ಲು, “ಪಾರ್ಸಲ್ ಏನ್ರಿ? ಅಲ್ಲೇ ಇಟ್ಟ ಹೋಗ್ರಿ.” ನಾ ಆಕಿ ಮನಿ ಎದುರಿನಾಕಿ. ಎರಡ ವರ್ಷ ಆತು ಬಂದು! ಆಕೀದ ತಪ್ಪಲ್ಲ ಬಿಡ್ರಿ, ನಂಗೂ ಆಕಿ ಹೆಸರ ಗೊತ್ತಿದ್ದಿಲ್ಲ. ಮರುದಿನ ನನ್ನ ಸಣ್ಣ ಮಗಳು ಜೋಕಾಲಿ ಬೇಕಂತ ಹಟಾ ಹಿಡದ್ಲು. ಹಗ್ಗ ಇತ್ತು, ಮಣಿ ಇತ್ತು. ಕಟ್ಟಾಕ ಇಡೀ ಲೇಔಟಿನ್ಯಾಗ ಒಂದ ಗಿಡ ಇಲ್ಲ.

ಇಂಥಾದ್ದಕ್ಕ ನಾವು ‘ಫ್ಯಾಮಿಲಿ ಏರಿಯಾ’ ಅಂತೀವಿ. ಪ್ಲಾಟ್ ಮಾರೂ ಮುಂದ ಬೋರ್ಡಿನ ಮ್ಯಾಲೆ ಗಂಡ, ಹೆಂಡತಿ, ಎರಡ ಮಕ್ಕಳು ನಕ್ಕೋತ ನಿಂತಿದ್ರು. ನಾವೂ ಹಂಗ ನಗಬೇಕಂತ ಸಾಲಾ ಮಾಡಿ ತೊಗೊಂಡ್ವಿ. ಹತ್ತಿ, ಕಡ್ಲಿ, ಹೆಸರು ಬೆಳೀತಿದ್ದ ಎರಿ ಹೊಲ ಅದು.

ಸುಳ್ಳ ಹೇಳೂದಿಲ್ಲ, ಬಂದು ಸುಖಾನೂ ಕಂಡೀನಿ. ನಳ ಮನಿಯೊಳಗ ಬಂತು. ದೊಡ್ಡ ಮಗಳಿಗೆ ಓದಾಕ ಒಂದ್ ಖೋಲಿ ಆತು. ಓಣ್ಯಾಗ ಇದ್ದಾಗ ನಾ ಯಾವ ಸೀರಿ ಉಟ್ಟೆ, ಯಾವಾಗ ತವರಿಗೆ ಹೋದೆ, ಎಲ್ಲಾದಕ್ಕೂ ಕಟ್ಟಿ ಮ್ಯಾಲ ಪಂಚಾಯ್ತಿ ಆಗ್ತಿತ್ತು. ಅದರ ಕಾಟ ತಾಳಲಾರದ ಓಡಿ ಬಂದಾಕಿ ನಾನು. ಮತ್ತ ಆ ಕಟ್ಟಿ ಎಲ್ಲಾರಿಗೂ ಇದ್ದಿಲ್ಲ. ಕೆಲವು ಮಂದಿ ಕಟ್ಟಿ ಕೆಳಗ ನಿಂತ ಮಾತಾಡಿ ಹೋಗಬೇಕಿತ್ತು. ಅದನ್ನ ಮರತು ಹಳೇ ಓಣಿ ಸ್ವರ್ಗ ಅಂತ ನಾ ಹಾಡೂದಿಲ್ಲ.

ಆದ್ರ ಕಟ್ಟಿ ಜೋಡಿ ಏನೇನ್ ಹೋತು ಅನ್ನೂದು ಗೊತ್ತಾಗಿದ್ದು ಅತ್ತಿಯವರು ಬಂದ ಮ್ಯಾಲೆ. ಅವರು ಇಡೀ ಜನ್ಮ ಕಟ್ಟಿ ಮ್ಯಾಲ ಕುಂತು ಕಾಳ ಹಸನ ಮಾಡ್ಕೋತ, ಹತ್ತ ಮನಿ ಕೂಸು ಕಾಯ್ದವರು. ಇಲ್ಲೆ ಸಂಜಿಮುಂದ ಗೇಟಿನ ಹೊರಗ, ರಸ್ತಾದ ಅಂಚಿಗೆ ಒಂದ್ ಚೀಲಾ ಹಾಸ್ಕೊಂಡು ಕುಂತ್ರ, ಹಾದು ಹೋಗೂ ಒಬ್ರು, “ಅಜ್ಜಿನ ಒಳಗ ಕೂಡ್ರಸ್ರಿ, ಲೇಔಟಿಗೆ ಚಂದ ಕಾಣೂದಿಲ್ಲ” ಅಂದ್ರು. ಅತ್ತಿಯವರು ಚೀಲಾ ಝಾಡಿಸ್ಕೊಂಡು ಒಳಗ ಬಂದ್ರು. ಮತ್ತ ಹೊರಗ ಹೋಗ್ಲಿಲ್ಲ.

ಒಂದಿನ ಮಧ್ಯಾಹ್ನ ನಾ ಬ್ಯಾಂಕಿಗೆ ಹೋಗಿದ್ದೆ. ಅವರು ಬಚ್ಚಲದಾಗ ಜಾರಿ ಬಿದ್ರು. ನಾ ಬರೂತನಕ ಒಂದ್ ತಾಸು ಕೂಗ್ಯಾರ. ಬಾಜೂ ಮನ್ಯಾಗ ಮಂದಿ ಇದ್ರು, ಆದ್ರ ಕಿಡಕಿ ಬಂದ್, ಟಿವಿ ಚಾಲು. ಯಾರಿಗೂ ಕೇಳ್ಸಿಲ್ಲ. ಅವರ ಮನ್ಯಾಗ ಬಿದ್ದಿದ್ರ ನಂಗೂ ಕೇಳಸ್ತಿದ್ದಿಲ್ಲ. ಓಣ್ಯಾಗ ಆಗಿದ್ರ ಎರಡನೇ ಕೂಗಿಗೆ ನಾಕ್ ಮಂದಿ ಒಳಗ ನುಗ್ಗತಿದ್ರು.

ಕಾಂಪೌಂಡ್ ಎತ್ತರ ಇದ್ರ ಸೇಫು ಅಂತೀವಲ್ಲ, ಯಾರಿಗ್ರಿ ಸೇಫು? ಹುಬ್ಬಳ್ಳ್ಯಾಗ ಆರ್ಕಿಟೆಕ್ಚರ್ ಓದೂ ದೊಡ್ಡ ಮಗಳು ಹೇಳಿದ್ಲು, ಅಮೆರಿಕಾದಾಗ ಜೇನ್ ಜೇಕಬ್ಸ್ ಅನ್ನೂ ಹೆಣ್ಣಮಗಳು 1961ರಾಗನ ಪುಸ್ತಕ ಬರದು ವಾದ ಮಾಡಿದ್ಲಂತ: ರಸ್ತಾ ಕಾಯೂದು ಬರೇ ಪೊಲೀಸರಲ್ಲ, ಮನಿ ಮುಂದ, ಅಂಗಡಿ ಮುಂದ ಇರೂ ಮಂದಿ ಕಣ್ಣು. ನಮ್ಮ ಅತ್ತಿಯವರಿಗೆ ಇದನ್ನ ಹೇಳಿದ್ರ, “ಇದಕ್ಕ ಪುಸ್ತಕ ಯಾಕ ಬೇಕಿತ್ತು?” ಅಂದ್ರು. ನಮ್ಮ ನವಲಗುಂದ ಜಮಖಾನಕ್ಕ ಇವತ್ತು ಜಿಐ ಗುರ್ತು ಐತಿ. ಅದನ್ನ ನೇಯ್ಕೋತ ಬಂದ ಹೆಣ್ಣಮಕ್ಕಳು ನಿಂತ ಮಗ್ಗ ಮನಿಯೊಳಗ ಇಟ್ಕೊಂಡು, ಕೂಸು ಬಾಣಸ ಎಲ್ಲಾ ನೋಡ್ಕೋತ, ಪಗಡಿ, ನವಿಲು ಮೂಡಿಸಿದವರು. ನೆರಿಹೊರಿ ಇಲ್ಲದ ಅಂಥಾ ಬಾಳೇವು ನಡೀತಿತ್ತೇನು?

ಇನ್ನೊಂದು ನಾಚಿಕಿ ಮಾತು. ನಮ್ಮ ಲೇಔಟಿಗೆ ಒಬ್ಬಾಕಿ ಹುಡುಗಿ ಬಾಡಿಗಿ ಮನಿ ಕೇಳಾಕ ಬಂದಿದ್ಲು, ಸಾಲಿ ಕಲಸಾಕಿ, ಒಬ್ಬಾಕೀನ. “ಫ್ಯಾಮಿಲಿ ಇದ್ದವರಿಗಷ್ಟ ಕೊಡ್ತೀವಿ” ಅಂದು ಕಳಿಸಿದ್ರು. ನಾನೂ ಅಲ್ಲೇ ನಿಂತಿದ್ದೆ, ಸುಮ್ನಿದ್ದೆ. ನಮ್ಮ ಮಕ್ಕಳಿಗೆ ಕಲಸಾಕ ಆಕಿ ಬೇಕು, ನಮ್ಮ ನಡುವ ಇರಾಕ ಬ್ಯಾಡ. ಮನಿಮನ್ಯಾಗ ಅಕ್ಕಮಹಾದೇವಿ ಫೋಟೋ ಹಾಕೀವಿ. ಆ ಅಕ್ಕ ಇವತ್ತು ಬಂದು ಗೇಟ್ ಬಡದ್ರ, “ಗಂಡ ಎಲ್ಲ್ಯದಾನ?” ಅಂತ ಕೇಳಿ ವಾಪಸ್ ಕಳಸ್ತೀವಿ. ಹೌದಿಲ್ಲೋ ಹೇಳ್ರಿ!

ನನ್ನ ಮಾತು ಇಷ್ಟ. ಮುದುಕಿ ಹೊರಗ ಕೂಡ್ರಾಕ ನಾಚಬಾರ್ದು, ಕೂಸು ಕೈ ಬಿಡಿಸ್ಕೊಂಡು ಓಡಾಕ ಬೈಲು ಇರಬೇಕು, ಒಬ್ಬಾಕಿ ಹೆಣ್ಣಮಗಳು ಬಂದ್ರ ಕೀಲಿ ಸಿಗಬೇಕು. ಈ ಮೂರೂ ಇಲ್ಲದಕ್ಕ ‘ಫ್ಯಾಮಿಲಿ ಏರಿಯಾ’ ಅನಬ್ಯಾಡ್ರಿ, ಕೀಲಿ ಹಾಕಿದ ಮನಿಗೋಳ ಸಾಲು ಅನ್ರಿ.

ಜಾಗಾ ಎಲ್ಲೈತಿ ಅಂತೀರಿ? ಐತಿ. ಮೂಲ್ಯಾಗ ಜಾಲಿಕಂಟಿ ಬೆಳದ ಚೌಕ ನೋಡೀರಲ್ಲ, ನಕ್ಷಾದಾಗ ಅದು ಪಾರ್ಕು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ಮಂಜೂರಾಗೂ ಲೇಔಟಿನ್ಯಾಗ ಪಾರ್ಕಿಗೆ, ಸಾರ್ವಜನಿಕ ಕೆಲಸಕ್ಕ ಜಾಗಾ ಬಿಡಬೇಕು. ಪಾರ್ಕು, ಆಟದ ಬೈಲು ಉಳಸಾಕಂತನ 1985ರ ಕಾಯ್ದೆ ಬ್ಯಾರೇನ ಐತಿ. ನಿಮ್ಮ ನಿಮ್ಮ ಬಡಾವಣಿ ನಕ್ಷಾ ಪುರಸಭೆದಾಗ ಕೇಳ್ರಿ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, 30 ದಿನದಾಗ ಉತ್ತರ ಕೊಡಬೇಕು. ಅಷ್ಟರಾಗ ಹೋದ ದುಡ್ಡು ಒಂದ್ ಚಾದಂಗ ಲೆಕ್ಕ.

“ಹೆಂಗಸರು ನಾವು ಎಲ್ಲಿ ಕೇಳೂದ್ರಿ” ಅನಬ್ಯಾಡ್ರಿ. 1980ರ ಜುಲೈ 21ಕ್ಕ ನೀರಿನ ಕರದ ಸಲುವಾಗಿ ಎದ್ದು ನಿಂತು ಗುಂಡಿಗೆ ಎದಿ ಕೊಟ್ಟ ಊರು ಇದು. ಮಹದಾಯಿ ಸಲುವಾಗಿ ನಮ್ಮಂಥಾ ಹೆಣ್ಣಮಕ್ಕಳು ಖಾಲಿ ಕೊಡಾ ಹಿಡದು ರಸ್ತಾಕ್ಕ ಇಳದಾರ. ಎರಡ ಬೇವಿನ ಸಸಿ, ಒಂದ್ ಕಲ್ಲಿನ ಕಟ್ಟಿ ಕೇಳಾಕ ನಮಗ ಬಾಯಿ ಇಲ್ಲೇನು?

ಹಳೇ ಕಟ್ಟಿ ಯಾರದೋ ಒಬ್ಬರ ಮನೀದು, ಅದಕ್ಕ ಯಾರು ಕೂಡ್ರಬೇಕು ಅಂತ ಅವರ ಹೇಳ್ತಿದ್ರು. ಪಾರ್ಕಿನ ಕಟ್ಟಿ ಯಾರ ಮನೀದೂ ಅಲ್ಲ. ಅಲ್ಲೆ ಜಾತಿ ಕೇಳದ, ಗಂಡನ್ನ ಕೇಳದ ಯಾರ ಬೇಕಾದ್ರೂ ಕೂಡ್ರಬಹುದು. ಚಾಡಿ ಹೇಳೂದನ್ನ ಮಾತ್ರ ಮನ್ಯಾಗ ಬಿಟ್ಟು ಬರೂಣು.

ಬರೂ ಐತವಾರ ಸಂಜಿ ಐದಕ್ಕ ಕುಡಗೋಲು ತೊಗೊಂಡು ಬರ್ರಿ, ಜಾಲಿಕಂಟಿ ಕಡದ ಶುರು ಮಾಡೂಣು. ಅತ್ತಿಯವರು ಕೋಲ ಹಿಡ್ಕೊಂಡು ಬರ್ತೀನಿ ಅಂದಾರ. ಎದುರ ಮನಿ ಅಕ್ಕಾರ ಹೆಸರು ಈಗ ಕೇಳ್ಕೊಂಡೀನಿ, ಅವರೂ ಬರ್ತಾರ. ರೊಟ್ಟಿ ನಾ ತರ್ತೀನಿ.