ಬ್ಯಾಟರಿಗೂ ಒಂದು ವೈಂಡಿಂಗ್ ಅಂಗಡಿ ಬೇಕು

ಪಂಪಿನ ಮೋಟಾರು ಸುಟ್ಟರೆ ನಾವ್ಯಾರೂ ಪಂಪನ್ನು ಗುಜರಿಗೆ ಹಾಕುವುದಿಲ್ಲ. ಪೇಟೆಯ ವೈಂಡಿಂಗ್ ಅಂಗಡಿಗೆ ಒಯ್ಯುತ್ತೇವೆ. ಎರಡು ದಿನದಲ್ಲಿ ಪಂಪು ಪುನಃ ಕೆರೆಯ ಬದಿಯಲ್ಲಿ. ವಿದ್ಯುತ್ ಕಾರಿನ ಮಟ್ಟಿಗೆ ಮಾತ್ರ ಬ್ಯಾಟರಿ ಸತ್ತರೆ ಕಾರೇ ಸತ್ತಂತೆ!

ನನ್ನಲ್ಲಿರುವುದು ಹಳೇ ರೇವಾ. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ರಸ್ತೆಗಿಳಿದ ಪುಟ್ಟ ಕಾರು ನೆನಪಿರಬಹುದು. ನನಗದು ಗುಜರಿ ಬೆಲೆಗೇ ಸಿಕ್ಕಿತು. ಮೈ ಪ್ಲಾಸ್ಟಿಕ್, ತುಕ್ಕಿನ ತಲೆಬಿಸಿ ಇಲ್ಲ. ಮೋಟಾರು ಸರಿ ಉಂಟು. ಸತ್ತದ್ದು ಸೀಟಿನಡಿಯ ಎಂಟು ಸೀಸದ ಬ್ಯಾಟರಿಗಳು ಮಾತ್ರ. ಒಂದೊಂದು 6 ವೋಲ್ಟು, ಒಟ್ಟು 48. ಅವನ್ನು ಎತ್ತಿ ಹೊರಗಿಡಲು ಇಬ್ಬರು ಬೇಕಾಯಿತು.

ಅದರ ಜಾಗಕ್ಕೆ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಹಾಕಿದೆ. ಒಂದು ಸೆಲ್ಲಿಗೆ 3.2 ವೋಲ್ಟು, 16 ಜೋಡಿಸಿದರೆ 51.2. ಹಳೆಯ ಮೋಟಾರಿಗೆ, ಕಂಟ್ರೋಲರಿಗೆ ಇದು ಹೊಂದುತ್ತದೆ. ಚಾರ್ಜರ್ ಮಾತ್ರ ಬದಲಿಸಲೇಬೇಕು. ಜೊತೆಗೆ ಬಿಎಂಎಸ್ ಬೇಕು. ಒಂದೊಂದು ಸೆಲ್ಲಿನ ಮೇಲೂ ಕಣ್ಣಿಟ್ಟು, ಹೆಚ್ಚುಕಡಿಮೆಯಾದರೆ ಸಂಪರ್ಕ ಕಡಿಯುವ ಬೋರ್ಡು ಅದು.

ಪಾಠ ಕಲಿತದ್ದು ಗುಡ್ಡದಲ್ಲಿ. 100 ಆಂಪಿಯರ್-ಅವರ್‌ನ ಒಂದೇ ಸಾಲು ಹಾಕಿದ್ದೆ. ತೋಟದಿಂದ ಎರಡು ಗೋಣಿ ಅಡಿಕೆ ಹೇರಿಕೊಂಡು ಏರುವಾಗ ಅರ್ಧದಾರಿಯಲ್ಲಿ ನಿಂತಿತು. ಏರಿನಲ್ಲಿ ಮೋಟಾರು ಎಳೆಯುವ ಕರೆಂಟು 100 ಆಂಪಿಯರ್ ದಾಟುತ್ತದೆ, ಬಿಎಂಎಸ್ ಕಡಿಯುತ್ತದೆ. ಎರಡನೇ ಸಾಲು ಸೇರಿಸಿ, ದೊಡ್ಡ ಬಿಎಂಎಸ್ ಹಾಕಿದ ಮೇಲೆ ಸಲೀಸಾಯಿತು. ಎರಡು ಸಾಲು ಸೇರಿದರೂ ಹಳೆ ಬ್ಯಾಟರಿಯ ಮೂರನೇ ಒಂದು ಭಾಗ ತೂಕವೂ ಇಲ್ಲ.

ಇಳಿಯುವಾಗಿನ ಕತೆ ಇನ್ನೊಂದು. ಇಳಿಜಾರಿನಲ್ಲಿ ಮೋಟಾರೇ ಡೈನಮೋ ಆಗಿ ಬ್ಯಾಟರಿಗೆ ಕರೆಂಟು ತುಂಬುತ್ತದೆ. ನಮ್ಮ ಮನೆ ಮೇಲೆ, ತೋಟ ಕೆಳಗೆ. ರಾತ್ರಿ ಪೂರ್ತಿ ಚಾರ್ಜ್ ಮಾಡಿ ಬೆಳಿಗ್ಗೆ ಇಳಿದರೆ ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದ ಹಾಗೆ. ಬಿಎಂಎಸ್ ಕಡಿಯಿತು, ಮೋಟಾರಿನ ಹಿಡಿತ ತಪ್ಪಿ ಕಾರು ಓಡತೊಡಗಿತು. ಕಾಲಿನ ಬ್ರೇಕು ಗಟ್ಟಿ ಇದ್ದ ಕಾರಣ ಬಚಾವು. ಈಗ ನೂರಕ್ಕೆ 85ರಲ್ಲಿ ಚಾರ್ಜ್ ನಿಲ್ಲಿಸುತ್ತೇನೆ.

ಇನ್ನೊಂದು ಮಾತು: 48 ವೋಲ್ಟು ಶಾಕ್ ಹೊಡೆಯಲಿಕ್ಕಿಲ್ಲ ಅಂತ ಉದಾಸೀನ ಬೇಡ. ಸ್ಪ್ಯಾನರ್ ಎರಡು ತುದಿಗೆ ತಾಗಿದರೆ ಕರಗಿಯೇ ಹೋದೀತು. ಉಂಗುರ, ವಾಚು ತೆಗೆದಿಡಿ, ಸ್ಪ್ಯಾನರಿಗೆ ಟೇಪು ಸುತ್ತಿ.

ಸೆಲ್, ಚಾರ್ಜರ್, ಬಿಎಂಎಸ್ ಸೇರಿ ಒಂದೂವರೆ ಲಕ್ಷದ ಹತ್ತಿರ ಆಯಿತು. ಇದೇ ದುಡ್ಡಿಗೆ ಹಳೆ ಪಿಕಪ್ ಬರ್ತಿತ್ತಲ್ಲ ಅಂತ ಮನೆಯವಳು ಹೇಳ್ತಾಳೆ. ಸರಿಯೇ. ನನ್ನ ಕಾರು ತೋಟ ಬಿಟ್ಟು ಹೊರಗೆ ಹೋಗುವುದೂ ಇಲ್ಲ. 15 ವರ್ಷ ದಾಟಿದ ಗಾಡಿ ರಸ್ತೆಗಿಳಿಯಬೇಕಾದರೆ ಆರ್.ಸಿ. ನವೀಕರಿಸಬೇಕು. ಇನ್ನು ಪೆಟ್ರೋಲ್ ಕಾರನ್ನು ವಿದ್ಯುತ್ತಿಗೆ ಬದಲಿಸುವುದಿದ್ದರೆ ಸರಕಾರ ಒಪ್ಪಿದ ಕಿಟ್ಟೇ ಆಗಬೇಕು, ಮನೆಯಲ್ಲಿ ಕಟ್ಟಿದ್ದು ನಡೆಯುವುದಿಲ್ಲ.

ಆದರೂ ಬರೆಯಲು ಕಾರಣ ಉಂಟು. ಸ್ಪ್ರೇಯರ್, ಕಳೆ ಕತ್ತರಿಸುವ ಯಂತ್ರ, ಸ್ಕೂಟರು, ಎಲ್ಲ ಬ್ಯಾಟರಿಗೆ ಬರುತ್ತಿವೆ. ನನ್ನ ಸ್ಪ್ರೇಯರಿನ ಬ್ಯಾಟರಿ ಹೋದಾಗ ಅಂಗಡಿಯವರು ಹೊಸ ಸ್ಪ್ರೇಯರನ್ನೇ ತೋರಿಸಿದರು. ಬಿಚ್ಚಿ ನೋಡಿದರೆ ಒಂದೇ ಸೆಲ್ಲು ಸತ್ತಿತ್ತು. ಅಂಟು ಹಾಕಿ ಮುಚ್ಚಿದ ಪೆಟ್ಟಿಗೆಯನ್ನು ನಾವು ಕೊಳ್ಳಲೇಬಾರದು. ಸ್ಕ್ರೂ ಉಂಟೋ, ಬಿಡಿಸೆಲ್ ಸಿಗುತ್ತದೋ ಅಂತ ಕೇಳಿಯೇ ಹಣ ಕೊಡಬೇಕು. ಐಟಿಐ ಕಲಿತ ನಮ್ಮ ಹುಡುಗರಿಗೆ ಸೊಸೈಟಿ ಕಟ್ಟಡದಲ್ಲಿ ಒಂದು ಕೋಣೆ, ಒಂದು ಸೆಲ್ ಪರೀಕ್ಷಿಸುವ ಯಂತ್ರ ಕೊಟ್ಟರೆ ಊರಿಗೊಂದು ಬ್ಯಾಟರಿ ಅಂಗಡಿ ಆಗದೇ?

ನಿಮ್ಮ ಕಡೆ ಬ್ಯಾಟರಿ ಬಿಚ್ಚಿ ಕಟ್ಟಿಕೊಡುವವರು ಇದ್ದರೆ ಪತ್ರಿಕೆಗೆ ಬರೆದು ತಿಳಿಸಿ.