ಊರಿಗೆ ಸುದ್ದಿ ಮುಟ್ಟಿಸಿದವರಿಗೆ ಒಂದು ಶಾಲು

ಏಪ್ರಿಲ್ 21 ಶಾಲೆಯ ಕ್ಯಾಲೆಂಡರಿನಲ್ಲಿ ಕೆಂಪಕ್ಷರದ ರಜಾದಿನವೇನಲ್ಲ. ಆದರೂ ಆ ದಿನ ದೇಶದ ಹಲವು ನಗರಗಳಲ್ಲಿ ಒಂದು ವೃತ್ತಿಯವರು ಸಭೆ ಸೇರುತ್ತಾರೆ. ಭಾಷಣಗಳಾಗುತ್ತವೆ. ನಿವೃತ್ತರಾದ ಹಿರಿಯರಿಗೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿಡುವ ರೂಢಿಯೂ ಉಂಟು. ಅದು ರಾಷ್ಟ್ರೀಯ ಸಾರ್ವಜನಿಕ ಸಂಪರ್ಕ ದಿನ. ಕಚೇರಿಯ ಮಾತನ್ನು ಜನರಿಗೂ ಜನರ ಮಾತನ್ನು ಕಚೇರಿಗೂ ತಲುಪಿಸುವವರ ದಿನ.

ಈ ದಿನಾಂಕಕ್ಕೆ ಒಂದು ಹಿನ್ನೆಲೆಯಿದೆ. 1958ರಲ್ಲಿ ಹುಟ್ಟಿದ ಪಬ್ಲಿಕ್ ರಿಲೇಷನ್ಸ್ ಸೊಸೈಟಿ ಆಫ್ ಇಂಡಿಯಾ ಎಂಬ ಸಂಘ 1966ರಲ್ಲಿ ನೋಂದಣಿಯಾಯಿತು. ಕಾಲಿ ಎಚ್. ಮೋದಿ ಅದರ ಸ್ಥಾಪಕ ಅಧ್ಯಕ್ಷರು. 1968ರ ಏಪ್ರಿಲ್ 21ರಂದು ದೆಹಲಿಯಲ್ಲಿ ನಡೆದ ಮೊದಲ ಅಖಿಲ ಭಾರತ ಸಮ್ಮೇಳನದಲ್ಲಿ ಸಂಘವು ತನ್ನ ಸದಸ್ಯರಿಗೆ ಒಂದು ನೀತಿಸಂಹಿತೆಯನ್ನು ಒಪ್ಪಿಕೊಂಡಿತು. 1965ರಲ್ಲಿ ಅಥೆನ್ಸ್ ನಗರದಲ್ಲಿ ಅಂಗೀಕಾರವಾದ ಅಂತಾರಾಷ್ಟ್ರೀಯ ಸಂಹಿತೆಯೇ ಅದು. ಸತ್ಯವನ್ನು ಇತರ ಅಗತ್ಯಗಳಿಗೆ ಅಡಿಯಾಳು ಮಾಡಬಾರದೆಂಬುದು ಅದರ ತಿರುಳು. 1986ರಿಂದ ಆ ದಿನವನ್ನೇ ಆಚರಿಸಲಾಗುತ್ತಿದೆ. ಅಂದರೆ ದಿನಾಚರಣೆಗೆ ಆರಿಸಿಕೊಂಡದ್ದು ಒಬ್ಬ ನಾಯಕರ ಹುಟ್ಟುಹಬ್ಬವನ್ನಲ್ಲ, ಆ ನಾಯಕರ ಕಾಲದಲ್ಲಿ ಕೊಟ್ಟ ಮಾತನ್ನು. ಗಮನಿಸಬೇಕಾದ ಸಂಗತಿ.

ಈ ವೃತ್ತಿ ಎಂದೊಡನೆ ದೊಡ್ಡ ಕಂಪನಿಗಳ ನುಣುಪು ಮಾತುಗಾರರೇ ಕಣ್ಣಮುಂದೆ ಬರುತ್ತಾರೆ. ಆದರೆ ಬ್ರಿಟನ್ನಿನಲ್ಲಿ 1948ರಲ್ಲಿ ಇಂಥದೇ ಸಂಘ ಹುಟ್ಟಿದಾಗ ಅದನ್ನು ಕಟ್ಟುವುದರಲ್ಲಿ ದೊಡ್ಡ ಪಾತ್ರ ವಹಿಸಿದವರು ಸ್ಥಳೀಯ ಸಂಸ್ಥೆಗಳ ಅಧಿಕಾರಿಗಳು. ನೀರು, ಚರಂಡಿ, ಶಾಲೆ, ಕಂದಾಯ ಇವುಗಳ ವಿಷಯವನ್ನು ತೆರಿಗೆ ಕಟ್ಟುವ ಜನರಿಗೆ ವಿವರಿಸುವುದೇ ಅವರ ದಿನನಿತ್ಯದ ಕೆಲಸವಾಗಿತ್ತು. ಸಂಘದ ಮೊದಲ ಅಧ್ಯಕ್ಷ ಸರ್ ಸ್ಟೀಫನ್ ಟ್ಯಾಲೆಂಟ್ಸ್. ಸರಕಾರಿ ಕಡತದ ಸಂಗತಿಯನ್ನು ಭಿತ್ತಿಪತ್ರದಲ್ಲೂ ಚಲನಚಿತ್ರದಲ್ಲೂ ಹೇಳಬಹುದೆಂದು ತೋರಿಸಿದವರು. ಅಂಚೆ ರೈಲಿನ ಕಥೆ ಹೇಳುವ ‘ನೈಟ್ ಮೇಲ್’ (1936) ಎಂಬ ಹೆಸರಾಂತ ಸಾಕ್ಷ್ಯಚಿತ್ರವನ್ನು ತೆಗೆದದ್ದು ಅವರು ಅಂಚೆ ಇಲಾಖೆಗೆ ತಂದ ಘಟಕವೇ. ಅವರ ಹೆಸರಿನಲ್ಲಿ ಒಂದು ಪದಕವನ್ನು 1984ರಲ್ಲಿ ಸ್ಥಾಪಿಸಲಾಯಿತು. ಹಿಂದಿನ ನಾಯಕನನ್ನು ಹೀಗೂ ನೆನೆಯಬಹುದು: ಪದಕ ಸಿಗುವುದು ಇಂದು ಕೆಲಸ ಮಾಡುವವರಿಗೆ, ಹೆಸರು ಉಳಿಯುವುದು ಅಂದು ಮಾಡಿದವರದು.

ಬೆಂಗಳೂರಿನ ದಂಡು ಪ್ರದೇಶ ಹೆಸರುಗಳನ್ನು ಉಳಿಸುವುದರಲ್ಲಿ ಯಾರಿಗೂ ಕಡಿಮೆಯಿಲ್ಲ. ಶಿವಾಜಿನಗರದ ರಸೆಲ್ ಮಾರುಕಟ್ಟೆ ಆಗಿನ ಪುರಸಭಾ ಕಮಿಷನರ್ ಟಿ.ಬಿ. ರಸೆಲ್ ಅವರದು. ಫ್ರೇಜರ್ ಟೌನ್ ರೆಸಿಡೆಂಟ್ ಸ್ಟುವರ್ಟ್ ಫ್ರೇಜರ್ ಅವರದು. ಸರಕಾರಿ ದಾಖಲೆಯಲ್ಲಿ ಪುಲಕೇಶಿನಗರವಾಗಿದ್ದರೂ ಆಟೋದವರ ಬಾಯಲ್ಲಿ ಇನ್ನೂ ಫ್ರೇಜರ್ ಟೌನೇ. ಕಾಕ್ಸ್ ಟೌನ್, ಕುಕ್ ಟೌನ್, ಹಲಸೂರಿನ ಪಕ್ಕದ ಮರ್ಫಿ ಟೌನ್... ಎಲ್ಲವೂ ಆಡಳಿತಗಾರರ, ಎಂಜಿನಿಯರುಗಳ ಹೆಸರುಗಳೇ. ಆದರೆ ಈ ದೊರೆಗಳ ಆಜ್ಞೆಯನ್ನು ಬೀದಿಬೀದಿಗೆ ಒಯ್ದವರು ಯಾರು? ತಮಟೆ ಬಡಿದು ಡಂಗುರ ಸಾರಿದವರು ಯಾರು? ಅವರ ಹೆಸರಿನ ಫಲಕ ಕಾಣಸಿಗದು.

ಅದು ಸುಲಭದ ಕೆಲಸವಾಗಿರಲಿಲ್ಲ. 1809ರಲ್ಲಿ ಸೈನ್ಯ ನೆಲೆಯೂರಿದ ಮೇಲೆ ಬೆಳೆದ ಈ ಪ್ರದೇಶದಲ್ಲಿ ತಮಿಳು, ದಖ್ಖನಿ ಉರ್ದು, ಕನ್ನಡ, ತೆಲುಗು, ಇಂಗ್ಲಿಷ್ ಒಂದೇ ಗಲ್ಲಿಯಲ್ಲಿ ಕೇಳಿಬರುತ್ತಿದ್ದವು. 1862ರಲ್ಲಿ ದಂಡಿಗೂ ಪೇಟೆಗೂ ಬೇರೆ ಬೇರೆ ಪುರಸಭೆಗಳಾದವು. ಇಂಗ್ಲಿಷಿನಲ್ಲಿ ಅಚ್ಚಾದ ಒಂದು ನೋಟೀಸನ್ನು ಗೋಡೆಗೆ ಅಂಟಿಸಿದರೆ ಕಚೇರಿಯ ಪಾಲಿನ ಕೆಲಸ ಮುಗಿಯಿತು. ಜನರ ಪಾಲಿಗೆ ಅದು ಶುರುವೇ ಆಗಿರುತ್ತಿರಲಿಲ್ಲ!

ಇದರ ಬೆಲೆ ಏನೆಂಬುದು 1898ರಲ್ಲಿ ತಿಳಿಯಿತು. ಆ ವರ್ಷ ಬೆಂಗಳೂರಿಗೆ ಪ್ಲೇಗ್ ಬಂತು. ರೋಗದ ಬ್ಯಾಕ್ಟೀರಿಯವನ್ನು ಯೆರ್ಸಿನ್ 1894ರಲ್ಲೇ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದರು. ಆದರೆ ಅದು ಮನುಷ್ಯನನ್ನು ತಲುಪುವುದು ಹೇಗೆ? ಇಲಿಯ ಮೈಮೇಲಿನ ಚಿಗಟದ ಮೂಲಕ ಎಂದು ಪಾಲ್ ಲೂಯಿ ಸೈಮಂಡ್ ಕರಾಚಿಯಲ್ಲಿ ತೋರಿಸಿದ್ದು ಅದೇ 1898ರಲ್ಲಿ. ವೈದ್ಯಲೋಕ ಅದನ್ನು ಒಪ್ಪಲು ಇನ್ನೂ ಹಲವು ವರ್ಷ ಹಿಡಿಯಿತು. ಹಾಗಾಗಿ ಮನೆ ಖಾಲಿ ಮಾಡಿ, ಸಾಮಾನು ಸುಡಿ, ರೋಗಿಯನ್ನು ಒಪ್ಪಿಸಿ ಎಂದು ಆಜ್ಞೆ ಹೊರಡಿಸುತ್ತಿದ್ದವರಿಗೇ ಪೂರ್ತಿ ಕಾರಣ ಗೊತ್ತಿರಲಿಲ್ಲ. ಗೊತ್ತಿದ್ದಷ್ಟನ್ನಾದರೂ ಜನರ ಮಾತಿನಲ್ಲಿ ಹೇಳಿದ್ದರೆ ಸರಿಯಿತ್ತು. ಕಾರಣ ತಿಳಿಯದ ಜನ ರೋಗಿಗಳನ್ನು ಬಚ್ಚಿಟ್ಟರು. ಶ್ರೀರಂಗಪಟ್ಟಣದ ಬಳಿಯ ಗಂಜಾಂನಲ್ಲಿ ಅದೇ ವರ್ಷ ಪ್ಲೇಗ್ ಕ್ರಮಗಳ ವಿರುದ್ಧ ಗಲಭೆಯೇ ಆಯಿತು. ಅದಕ್ಕೆ ಒಂದು ವರ್ಷ ಮೊದಲು ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಗುಂಡಿಗೆ ಬಲಿಯಾಗಿದ್ದ. ಬೆಂಗಳೂರಿನ ಜನ ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಅಮ್ಮನ ಪೂಜಾರಿಯ ಮಾತು ಅವರಿಗೆ ಅರ್ಥವಾಗುತ್ತಿತ್ತು, ಪುರಸಭೆಯ ಮಾತು ಅರ್ಥವಾಗುತ್ತಿರಲಿಲ್ಲ.

ಈ ಪಿಡುಗಿನ ಬೆನ್ನಲ್ಲೇ ಫ್ರೇಜರ್ ಟೌನ್ ಎದ್ದಿತು. 1906ರಲ್ಲಿ ಅಡಿಗಲ್ಲು, 1910ರಲ್ಲಿ ಉದ್ಘಾಟನೆ. ಪುರಸಭೆಯ ಎಂಜಿನಿಯರ್ ಜೆ.ಎಚ್. ಸ್ಟೀಫನ್ಸ್ ಇಲಿಗೆ ಬಿಲ ತೋಡಲು ಎಡೆಗೊಡದ, ಗಾಳಿ ಬೆಳಕು ಧಾರಾಳವಾಗಿ ಬರುವ ಮನೆಗಳ ಬಡಾವಣೆಯನ್ನು ರೂಪಿಸಿದರು. ಕಟ್ಟಿ ಸುಮ್ಮನಾಗಲಿಲ್ಲ. ಹೇಗೆ ಕಟ್ಟಿದೆವು, ಏಕೆ ಕಟ್ಟಿದೆವು ಎಂಬುದನ್ನು ‘ಪ್ಲೇಗ್ ಪ್ರೂಫ್ ಟೌನ್ ಪ್ಲಾನಿಂಗ್ ಇನ್ ಬೆಂಗಳೂರ್’ ಎಂಬ ಪುಸ್ತಕವಾಗಿ 1914ರಲ್ಲಿ ಪ್ರಕಟಿಸಿದರು. ಪುರಸಭೆಯ ನೌಕರನೊಬ್ಬ ತನ್ನ ಕೆಲಸದ ಲೆಕ್ಕ ಒಪ್ಪಿಸಿದ ಪುಸ್ತಕವದು. ಇಂಗ್ಲಿಷ್ ಪುಸ್ತಕವೇ ಹೌದು, ಬ್ಲ್ಯಾಕ್‌ಪಲ್ಲಿಯ ಗಲ್ಲಿಯವರಿಗೆ ಅದರಿಂದೇನೂ ಆಗಲಿಲ್ಲ. ಆದರೂ ನೂರು ವರ್ಷಗಳ ಮೇಲೆ ಇಂದಿನವರು ಆ ಬಡಾವಣೆಯ ಕಾರಣವನ್ನು ತಿಳಿಯಬಲ್ಲರೆಂದರೆ ಅದು ಅವರು ಬರೆದಿಟ್ಟದ್ದರಿಂದ. ಅದೇ ಕಾಲದ ತಮಟೆಯವರು ಬರೆದಿಡಲಿಲ್ಲ, ಅವರನ್ನು ಕೂರಿಸಿಕೊಂಡು ಯಾರೂ ಕೇಳಲೂ ಇಲ್ಲ.

ಹಳೆಯ ಕಥೆ ಎಂದು ಬಿಡುವಂತಿಲ್ಲ. 2012ರಲ್ಲಿ ಮಾವಳ್ಳಿಪುರಕ್ಕೆ ಕಸ ಸುರಿಯುವುದು ನಿಂತಾಗ ಬೆಂಗಳೂರಿನ ಬೀದಿಗಳಲ್ಲಿ ರಾಶಿ ಬಿತ್ತು. ಅದೇ ಅಕ್ಟೋಬರಿನಿಂದ ಮನೆಯಲ್ಲೇ ಕಸ ಬೇರ್ಪಡಿಸಬೇಕೆಂದು ಪಾಲಿಕೆ ಆದೇಶಿಸಿತು. 2015ರ ಕೊನೆಯಲ್ಲಿ ಹೈಕೋರ್ಟಿನ ಆದೇಶದಂತೆ ಎರಡು ಡಬ್ಬಿ, ಒಂದು ಚೀಲದ ಪದ್ಧತಿ ಬಂತು: ಹಸಿರು ಡಬ್ಬಿಗೆ ಹಸಿ ಕಸ, ಕೆಂಪು ಡಬ್ಬಿಗೆ ನ್ಯಾಪ್‌ಕಿನ್, ಬ್ಯಾಂಡೇಜಿನಂಥ ತ್ಯಾಜ್ಯ, ಚೀಲಕ್ಕೆ ಒಣ ಕಸ. ಇಷ್ಟು ಹೇಳಿದರೆ ಆಜ್ಞೆಯಾಯಿತು. ಹಸಿ ಕಸ ಪ್ಲಾಸ್ಟಿಕ್ಕಿನೊಳಗೆ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ, ಅದಕ್ಕೇ ಕಸದ ಗುಡ್ಡಗಳಿಗೆ ಬೆಂಕಿ ಬೀಳುತ್ತದೆ, ಬೇರೆ ಇಟ್ಟರೆ ಅದೇ ಹಸಿ ಕಸ ಗೊಬ್ಬರವಾಗುತ್ತದೆ ಎಂದರೆ ಕಾರಣ ಹೇಳಿದಂತಾಯಿತು. ಇಂದಿರಾನಗರದಲ್ಲಾಗಲಿ ಹಲಸೂರಿನಲ್ಲಾಗಲಿ ಈ ಮಾತನ್ನು ಬಾಗಿಲಲ್ಲಿ ನಿಂತು ಹೇಳಿದ್ದು ಬಹುಪಾಲು ಪೌರಕಾರ್ಮಿಕ ಮಹಿಳೆಯರು, ಬಡಾವಣೆಯ ಕೆಲವು ಸ್ವಯಂಸೇವಕರು. “ಅಮ್ಮಾ, ಇದು ಇದರಲ್ಲಿ ಹಾಕಬೇಡಿ” ಎಂದು ಬೆಳಗಾಗೆದ್ದು ಹೇಳುವ ಆ ತಾಯಿಗೆ ಸಂಪರ್ಕಾಧಿಕಾರಿ ಎಂಬ ಹುದ್ದೆಯಿಲ್ಲ, ಕೆಲಸ ಮಾತ್ರ ಅದೇ.

2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದಾಗಲೂ ಜನ ಮೊದಲು ಕೇಳಿದ್ದು ‘ಯಾರಾದರೂ ವಿಷ ಹಾಕಿದರೇ?’ ಎಂದೇ. ಒಳಚರಂಡಿ ನೀರು ಸೇರಿದ ಕೆರೆಯಲ್ಲಿ ಕೊಳೆಯುವ ವಸ್ತು ಹೆಚ್ಚಿದರೆ, ಅದನ್ನು ತಿನ್ನುವ ಸೂಕ್ಷ್ಮಜೀವಿಗಳೇ ನೀರಿನ ಆಮ್ಲಜನಕವನ್ನೆಲ್ಲ ಮುಗಿಸಿಬಿಡುತ್ತವೆ, ಮೀನು ಉಸಿರುಗಟ್ಟಿ ಸಾಯುತ್ತದೆ. ಹತ್ತನೆಯ ತರಗತಿಯ ಹುಡುಗ ಹೇಳಬಲ್ಲ ಉತ್ತರ. ಅದನ್ನು ಅದೇ ದಿನ, ನಾಲ್ಕು ಭಾಷೆಗಳಲ್ಲಿ, ಕೆರೆಯ ಏರಿಯ ಮೇಲೆ ನಿಂತು ಹೇಳುವವರು ಬೇಕು.

ವಿಜ್ಞಾನ ಓದುವ ಮಗುವಿಗೆ ಎಂಜಿನಿಯರಿಂಗ್, ವೈದ್ಯಕೀಯ ಎರಡೇ ದಾರಿ ಎಂದು ನಂಬಿರುವ ಪಾಲಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಇನ್‌ಫೆಂಟ್ರಿ ರಸ್ತೆಯಲ್ಲಿ, ಅಂದರೆ ಇಂದಿನ ಭಗವಾನ್ ಮಹಾವೀರ ರಸ್ತೆಯಲ್ಲಿ, ರಾಜ್ಯ ಸರಕಾರದ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಕಚೇರಿ ಇದೆ. ‘ಜನಪದ’ ಪತ್ರಿಕೆ ಈ ಇಲಾಖೆಯದೇ. ಜಿಲ್ಲೆಗಳಲ್ಲಿ ವಾರ್ತಾಧಿಕಾರಿಗಳಿದ್ದಾರೆ. ಈ ಹುದ್ದೆಗಳಿಗೆ ಬೇಕಾದ ವಿದ್ಯೆಗೆ ಕರ್ನಾಟಕದಲ್ಲಿ ತಳಪಾಯ ಬಿದ್ದದ್ದು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ, 1950ರ ದಶಕದಲ್ಲಿ, ನಾಡಿಗ ಕೃಷ್ಣಮೂರ್ತಿಯವರು ಪತ್ರಿಕೋದ್ಯಮ ಕಲಿಸತೊಡಗಿದಾಗ. ವೃತ್ತಿಯ ಹಿಂದಿನ ನಾಯಕರನ್ನು ನೆನೆಯುವ ಸಭೆಗಳಲ್ಲಿ ಮೇಷ್ಟರ ಹೆಸರೂ ಬರಬೇಕಾದ್ದು ನ್ಯಾಯ.

2005ರ ಮಾಹಿತಿ ಹಕ್ಕು ಕಾಯಿದೆಯ ನಾಲ್ಕನೆಯ ವಿಧಿ ಕಚೇರಿಗಳು ಯಾರೂ ಕೇಳದಿದ್ದರೂ ತಾವಾಗಿಯೇ ಮಾಹಿತಿ ಪ್ರಕಟಿಸಬೇಕೆನ್ನುತ್ತದೆ. ಆದರೆ ಕಾಯಿದೆ ಕೊಡುವುದು ಕಾಗದವನ್ನು. ಯಾವ ಬಡಾವಣೆಯಲ್ಲಿ ಯಾವ ಮಾತು ನಾಟುತ್ತದೆ, ಮಸೀದಿಯ ಧ್ವನಿವರ್ಧಕದಿಂದ ಹೇಳಿದರೆ ಬೇಗ ಮುಟ್ಟುತ್ತದೋ ಹಾಲಿನ ಬೂತಿನ ಬಳಿ ಹೇಳಿದರೋ ಎಂಬುದು ಕಾಗದದಲ್ಲಿರುವುದಿಲ್ಲ. ಅದು ಮೂವತ್ತು ವರ್ಷ ದುಡಿದವರ ತಲೆಯಲ್ಲಿರುತ್ತದೆ. ಅವರು ನಿವೃತ್ತರಾದ ದಿನ ಪೇಟ, ಶಾಲು, ಹಣ್ಣಿನ ಬುಟ್ಟಿಯೊಂದಿಗೆ ಆ ತಿಳಿವಳಿಕೆಯೂ ಮನೆಗೆ ಹೋಗುತ್ತದೆ. ಹಣ್ಣು ನಾಲ್ಕು ದಿನದಲ್ಲಿ ಮುಗಿಯುತ್ತದೆ, ಶಾಲು ಬೀರುವಿನಲ್ಲಿ ಉಳಿಯುತ್ತದೆ.

ಕೆ.ಆರ್. ಪುರದ ಉದಾಹರಣೆ ನೋಡಿ. 2007ರವರೆಗೆ ಅದಕ್ಕೆ ತನ್ನದೇ ನಗರಸಭೆ ಇತ್ತು. ಆಮೇಲೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯೇ ಐದಾಗಿ ಒಡೆದು ಕೆ.ಆರ್. ಪುರ ಬೆಂಗಳೂರು ಪೂರ್ವ ನಗರ ಪಾಲಿಕೆಯ ಪಾಲಾಯಿತು. ಇಪ್ಪತ್ತು ವರ್ಷ ತುಂಬುವ ಮೊದಲೇ ಮೂರು ನಾಮಫಲಕ! ಹಳೆಯ ನಗರಸಭೆಯ ಕಾಲದಲ್ಲಿ ನೀರು ಬರುವ ದಿನವನ್ನು ಯಾರು ಹೇಗೆ ತಿಳಿಸುತ್ತಿದ್ದರು, ಜ್ವರ ಹರಡಿದಾಗ ಯಾವ ಮನೆಗೆ ಮೊದಲು ಹೋಗುತ್ತಿದ್ದರು, ಜನ ಯಾವ ನೋಟೀಸನ್ನು ನಂಬಿದರು, ಯಾವುದನ್ನು ಹರಿದೆಸೆದರು? ಇದನ್ನು ಹೇಳಬಲ್ಲ ಹಿರಿಯರು ಆ ಸುತ್ತಿನಲ್ಲೇ ವಾಸವಾಗಿರುತ್ತಾರೆ. ಹೈಸ್ಕೂಲಿನ ಮಕ್ಕಳಿಗೆ ಸಮಾಜ ವಿಜ್ಞಾನದ ಪ್ರಾಜೆಕ್ಟು ಹೇಗೂ ಇರುತ್ತದೆ. ಮುಂದಿನ ಏಪ್ರಿಲ್ 21ರೊಳಗೆ ಅಂಥ ಒಬ್ಬರ ಮನೆಗೆ ನಾಲ್ಕು ಮಕ್ಕಳು ಒಂದು ನೋಟ್‌ಪುಸ್ತಕ ಹಿಡಿದು ಹೋಗಿ, ಅವರು ಹೇಳಿದ್ದನ್ನು ಹೇಳಿದ ಭಾಷೆಯಲ್ಲೇ ಬರೆದುಕೊಂಡು, ಒಂದು ಪ್ರತಿಯನ್ನು ಶಾಲೆಯ ಗ್ರಂಥಾಲಯದಲ್ಲೂ ಇನ್ನೊಂದನ್ನು ಪಾಲಿಕೆಯ ಕಚೇರಿಯಲ್ಲೂ ಇಡಬಹುದು. ಹೋಗುವಾಗ ಎರಡು ಬಾಳೆಹಣ್ಣು ಒಯ್ದರೂ ಅಡ್ಡಿಯಿಲ್ಲ.